ರಂಗಂಪ್ಯಾಟಿ ಸರ್ವರ್‌ಗೆ ಸೋಮಾರ ಸೂಟಿ

ನಮ್ಮ ವೈನಿ, ಅಂದ್ರ ಅಣ್ಣನ ಹೇಣ್ತಿ, ಕೆಲಸ ಮಾಡೋ ಹತ್ತಿ ಮಿಲ್ಲಿಗೆ ಸೋಮಾರ ಸೂಟಿ. ಬ್ಯಾರೆ ಕಡಿ ಆಯಿತಾರ ಇರ್ತದ, ಇಲ್ಲಿ ಸೋಮಾರ. ಮೊದಲ ಹತ್ತಿ ಬಂಡ್ಯಾಗ ಬರ್ತಿತ್ತು. ಸೋಮಾರ ಎತ್ತಿಗೆ ದೇವರ ವಾರ, ಯಾರೂ ಎತ್ತ ಹೂಡ್ತಿರಲಿಲ್ಲ. ಬಂಡಿ ಬರಲಿಲ್ಲಂದ್ರ ಮಿಲ್ ತಗದು ಏನ್ ಮಾಡೋದು. ಈಗ ಎಲ್ಲಾ ಟ್ರ್ಯಾಕ್ಟರ್, ಲಾರಿ. ಆದ್ರೂ ಸೂಟಿ ಸೋಮಾರಾನ ಉಳದದ. ಇದನ್ನ ಮೊದಲಾ ಹೇಳಿಬಿಡ್ತೀನಿ, ಯಾಕಂದ್ರ ಮುಂದ ಆಗಿದ್ದೆಲ್ಲಾ ಇದರಾಗಿಂದಾನ ಆಗ್ಯದ.

ನಾ ಹತ್ತನೇತ್ತಿ ಪಾಸಾಗಿಲ್ಲ. ಯಾದಗಿರ್‌ದಾಗ ಕ್ಯಾಮೆರಾ ಕೂಡಸೋದು, ನೆಟ್ ವೈರ್ ಎಳಿಯೋದು, ರೂಟರ್ ಕೂಡಸೋದು, ಇದು ನನ್ನ ಕೆಲಸ. ವೈನಿ ಕಂಪ್ಯೂಟರ್ ಓದ್ಯಾಳ. ಮಿಲ್ ಸಾವಕಾರರ ಆಫೀಸ್ ಯಾದಗಿರ್ ಟೇಶನ್ ಕಡಿ ಅದ, ಆಕಿ ಅಲ್ಲೇ ಕುಂಡ್ರತಾಳ. ಮಿಲ್ ಇರೋದು ರಂಗಂಪ್ಯಾಟ್ಯಾಗ, ಸುರಪುರಕ್ಕ ಹಚ್ಚಿ. ಶಹಾಪುರದಾಗ ಒಂದು ಗೋದಾಮು ಅದ. ಎಲ್ಲಾ ಕಡಿ ಹತ್ತಿ ತೂಕದ ಲೆಕ್ಕ ಹೋಗಿ ಬೀಳೋದು ರಂಗಂಪ್ಯಾಟಿಯ ಒಂದ ಸರ್ವರ್‌ನ್ಯಾಗ. ಅದು ಬಂದ್ ಬಿತ್ತಂದ್ರ ಗಾಡಿ ತೂಗೋ ಕಾಟಾದ ಮ್ಯಾಲ ಚೀಟಿ ಬರಂಗಿಲ್ಲ. ಚೀಟಿ ಇಲ್ಲಂದ್ರ ಟ್ರ್ಯಾಕ್ಟರ್ ಇಳಸಂಗಿಲ್ಲ. ರಸ್ತಾದ ತನಕ ಸಾಲು ನಿಂದರ್ತದ.

ಅದು ಬಂದ್ ಬೀಳೋದು ಮಂಗಳಾರ. ಪ್ರತಿ ಮಂಗಳಾರ ಅಲ್ಲ, ತಿಂಗಳದಾಗ ಒಂದೋ ಎರಡೋ. ಮುಂಜಾನಿ ಕಾಟಾ ಗುಮಾಸ್ತ ಫೋನ್ ಮಾಡ್ತಿದ್ದ. ಮಶೀನ್ ಚಾಲೂ ಅದ, ಫ್ಯಾನ್ ತಿರಗಾಕತ್ತದ, ಲೆಕ್ಕ ಬರವಲ್ದು ಅಂತಿದ್ದ. ಮೊದಲೊಮ್ಮೆ ಅಂವ ತಾನ ಏನೋ ಒತ್ತಿ ಒಂದಿನದ ಚೀಟಿ ಎಲ್ಲಾ ಹಾಳ ಮಾಡಿದ್ದ. ಅವತ್ತಿನಿಂದ ವೈನಿ ಬಿಟ್ಟು ಬ್ಯಾರೆ ಯಾರೂ ಅದಕ್ಕ ಕೈ ಹಚ್ಚಬಾರದಂತ ಸಾವಕಾರ ಕಟ್ಟಪ್ಪಣಿ ಮಾಡಿದ್ದ. ಹಿಂಗಾಗಿ ವೈನಿ ಬಸ್ ಹಿಡಿದು ಹೋಗ್ತಿದ್ಲು. ಯಾದಗಿರ್‌ದಿಂದ ಶಹಾಪುರ, ಶಹಾಪುರದಿಂದ ಸುರಪುರ. ಹೋಗಿ ಕಪಾಟಿನ್ಯಾಗಿಟ್ಟ ಮಾನಿಟರ್ ಪರದೆ ತಗದು ಸರ್ವರ್‌ನ ಹಿಂದ ಕೂಡಸಿದ್ರ ಕರೇ ಪರದೆ ಮ್ಯಾಲ ಬಿಳಿ ಅಕ್ಷರ ಇರ್ತಿದ್ವು. ಹೋದ ಸಲ ಬರಾಬರ್ ಬಂದ್ ಆಗಿಲ್ಲ, ಮುಂದ ಹೋಗಬೇಕಂದ್ರ ಒಂದ ಗುಂಡಿ ಒತ್ತು ಅಂತ. ವೈನಿ ಒತ್ತತಿದ್ಲು. ಅಷ್ಟ ಕೆಲಸ. ಒಂದ ಗುಂಡಿ ಒತ್ತಾಕ ಅಷ್ಟ ದೂರ.

ಎಲ್ಲಾರೂ ಕರೆಂಟಿಗೆ ಬೈತಿದ್ರು. ನಾನೂ ಬೈತಿದ್ದೆ. ಮಂಗಳಾರಾನ ಯಾಕ ಅಂತ ಯಾರೂ ಕೇಳಲಿಲ್ಲ.

ಒಂದ ಮಂಗಳಾರ ಬಸ್ ತಪ್ಪಿತು. ಅಣ್ಣ ನಮ್ಮೂರು ಮುದನಾಳಕ್ಕ ಹೊಲಕ್ಕ ಹೋಗಿದ್ದ. ವೈನಿ ನಂಗ ಕೇಳಿದ್ಲು, ಗಾಡಿ ಮ್ಯಾಲ ಬಿಟ್ಟ ಬರ್ತೀಯೇನು ಅಂತ. ನಂಗೂ ಆ ಕಡಿ ಕೆಲಸ ಇತ್ತು. ಗಾಡಿ ಹತ್ತು ಅಂದೆ. ಆಕಿಗಿ ಆಗ ಮೂರು ತಿಂಗಳು ದಾಟಿತ್ತು. ಮನ್ಯಾಗ ಗೊತ್ತಿತ್ತು, ಹೊರಗ ಇನ್ನೂ ಯಾರಿಗೂ ಹೇಳಿರಲಿಲ್ಲ. ಶಹಾಪುರ ದಾಟಿದ ಮ್ಯಾಲ ರಸ್ತಾ ಕೆತ್ತಿ ಹಾಕಿದ್ರು. ನಾ ಗಾಡಿ ಸಾವಕಾಶ, ಸಣ್ಣಗ ಹೊಡೀಬೇಕಿತ್ತು. ಗುಮಾಸ್ತ ಮ್ಯಾಲಿಂದ ಮ್ಯಾಲ ಫೋನ್ ಮಾಡಾಕತ್ತಿದ್ದ. ಸಣ್ಣಗ ಹೊಡೀಲಿಲ್ಲ.

ಮಿಲ್ ಮುಟ್ಟಿದಾಗ ವೈನಿ ಹೊಟ್ಟಿ ಹಿಡಕೊಂಡು ಇಳದ್ಲು. ಗೇಟ್ ಕಾಯೋ ಮುದುಕ ಮುತ್ಯಾ ನೋಡಿ, ತನ್ನ ಕಂಬಳಿ ಹಾಸಿ ಕುಂಡ್ರಿಸಿ, ಮಗಿಯಾಗ ನೀರ ಕೊಟ್ಟ. ಎಷ್ಟನೇ ತಿಂಗಳವ್ವಾ ಅಂತ ಕೇಳಿದ. ಹೇಳದಿದ್ರೂ ಅಂವಗ ಗೊತ್ತಾಗಿತ್ತು. ವೈನಿ ನೀರ ಕುಡದು, ಒಳಗ ಹೋಗಿ ಗುಂಡಿ ಒತ್ತಿ ಬಂದ್ಲು. ಕಾಟಾ ಚಾಲೂ ಆಯ್ತು. ತಿರುಗಿ ಬರುವಾಗ ಶಹಾಪುರದ ಸನೇಕ ಗಾಡಿ ನಿಂದ್ರಸು ಅಂದ್ಲು. ದನಿ ಬ್ಯಾರೆ ಆಗಿತ್ತು. ಸಿದಾ ದವಾಖಾನಿಗೆ ಒಯ್ದೆ. ಅಣ್ಣ ಬರೋದ್ರಾಗ ಎಲ್ಲಾ ಮುಗದಿತ್ತು.

ಡಾಕ್ಟರಮ್ಮ ಹೇಳಿದ್ಲು, ಇದು ಗಾಡಿಯಿಂದ ಆಗಿದ್ದಲ್ಲ, ಕೂಸು ಮೊದಲಾ ಬೆಳಿಯೋದು ನಿಂತಿತ್ತು, ಮನ್ಯಾಗ ಇದ್ರೂ ಆಗ್ತಿತ್ತು ಅಂತ. ನಮ್ಮವ್ವ ನಂಬಲಿಲ್ಲ. ನಾನೂ ನಂಬಲಿಲ್ಲ. ಅಣ್ಣ ನನಗ ಏನೂ ಅನ್ನಲಿಲ್ಲ. ಅಂದಿದ್ರ ಚೊಲೋ ಇತ್ತು. ಆಮ್ಯಾಲ ನಾ ಆ ಗಾಡಿ ಮಾರಿಬಿಟ್ಟೆ, ಬ್ಯಾರೆ ತಗೊಂಡೆ. ಏನ್ ಫರಕ್ ಬೀಳಲಿಲ್ಲ.

ವೈನಿ ಹದಿನೈದ ದಿನ ಮನ್ಯಾಗ ಇದ್ದು ಮತ್ತ ಆಫೀಸಿಗೆ ಹೋದ್ಲು. ಮಂಗಳಾರ ಫೋನ್ ಬಂದ್ರ ಮತ್ತ ಬಸ್ ಹತ್ತತಿದ್ಲು. ಹಂಗ ಒಂದ ವರ್ಷ ಹೋಯ್ತು.

ಮತ್ತ ಬಸುರಾದ್ಲು. ಈ ಸಲ ಡಾಕ್ಟರಮ್ಮ, ಜರಾ ಜ್ವಾಕಿ, ದೂರದ ಹಾದಿ ಬ್ಯಾಡ ಅಂದ್ಲು. ವೈನಿ ಅವ್ವ ಗುರುಮಠಕಲ್‌ದಾಕಿ. ಆಕಿ ಏಳನೇ ತಿಂಗಳದ ಕುಬಸದ ತನಕ ಕಾಯಲಿಲ್ಲ, ನಾಕನೇ ತಿಂಗಳದಾಗ ಬಂದು ಮಗಳನ್ನ ಕರ್ಕೊಂಡು ಹೋದ್ಲು. ಊರ ಸೀಮಿ ದಾಟಂಗಿಲ್ಲ, ಬಸ್ ಹತ್ತಂಗಿಲ್ಲ ಅಂತ ಹೇಳೇ ಕರ್ಕೊಂಡು ಹೋದ್ಲು. ನನ್ನ ಮಾರಿ ನೋಡಿ ಹೇಳಿದ್ಲು.

ಆದ್ರ ನೌಕರಿ ಬಿಡಂಗಿಲ್ಲ ಅಂದ್ಲು ವೈನಿ. ಲ್ಯಾಪ್‌ಟಾಪ್ ತಗೊಂಡೇ ಹೋದ್ಲು. ಮನ್ಯಾಗ ಯಾರೂ ಆಕಿಗಿ ದುಡಿ ಅಂದಿರಲಿಲ್ಲ. ಅಣ್ಣ ಬಿಡು ಅಂದ್ರೂ ಕೇಳಲಿಲ್ಲ. ಆಕಿ ನಂಗ ಒಂದ ಮಾತ ಹೇಳಿದ್ಲು: "ಒಂದು ಹೋಯ್ತು. ಈಗ ಕೆಲಸಾನೂ ಹೋದ್ರ ನಾ ಮನ್ಯಾಗ ಕುಂತು ಅದನ್ನ ನೆನೀಬೇಕಾಗ್ತದ."

ಸಾವಕಾರ ಕೆಟ್ಟಾಂವಲ್ಲ. ಅಂವ ಹೇಳಿದ್ದು ಸಿದಾ ಇತ್ತು. ದಿನದ ಲೆಕ್ಕ ನೀ ಗುರುಮಠಕಲ್‌ದಿಂದ ನೋಡು, ನನ್ನ ತಕರಾರಿಲ್ಲ. ಆದ್ರ ಮಶೀನ್ ಬಂದ್ ಬಿದ್ರ ಯಾರು ಹೋಗ್ತಾರ? ಅದನ್ನ ಅಲ್ಲೇ ಕುಂತು ಎಬ್ಬಸೋದು ಆಗ್ತದಂದ್ರ ನಿನ್ನ ನೌಕರಿ ನಿಂದು. ಆಗಂಗಿಲ್ಲಂದ್ರ ಸುರಪುರದಾಗ ನಮ್ಮ ಸಂಬಂಧಿಕ ಒಬ್ಬಾಂವ ಕಂಪ್ಯೂಟರ್ ಓದಿದಾಂವ ಅದಾನ, ಅವನ್ನ ಕುಂಡ್ರಸ್ತೀನಿ.

ವೈನಿ ನಂಗ ಫೋನ್ ಮಾಡಿದ್ಲು. ಸರ್ವರ್‌ನ ಹಿಂದ ಒಂದ ನೆಟ್ ಪಾಯಿಂಟ್ ಖಾಲಿ ಅದ, ನೋಡೀಯೇನು ಅಂದ್ಲು. ನೋಡಿದ್ದೆ. ಅದು ಕೆಟ್ಟದ್ದು ಅಂತ ತಿಳಕೊಂಡಿದ್ದೆ. ಆಕಿ ತಿಳಿಸಿ ಹೇಳಿದ್ಲು. ಆ ಸರ್ವರ್‌ನ ಬೋರ್ಡಿನ ಮ್ಯಾಲ ಇನ್ನೊಂದ ಸಣ್ಣ ಕಂಪ್ಯೂಟರ್ ಇರ್ತದ, ಬ್ಯಾರೇನ. ಅದರ ನೆಟ್ ಪಾಯಿಂಟ್ ಬ್ಯಾರೆ, ಅದರ ವಿಳಾಸ ಬ್ಯಾರೆ, ಅದರ ಪಾಸ್‌ವರ್ಡ್ ಬ್ಯಾರೆ. ದೊಡ್ಡದು ಬಂದ್ ಇದ್ರೂ ಇದು ಎಚ್ಚರ ಇರ್ತದ, ಪ್ಲಗ್ ವೈರಿನ್ಯಾಗ ಕರೆಂಟ್ ಇದ್ರ ಸಾಕು. ಇದರೊಳಗ ಹೊಕ್ಕರ ದೊಡ್ಡದರ ಪರದೆ ಕಾಣ್ತದ, ಕೀಲಿ ಒತ್ತಬಹುದು, ಮೌಸ್ ಸರಸಬಹುದು, ಬಂದ್ ಮಾಡಬಹುದು, ಚಾಲೂ ಮಾಡಬಹುದು. ವಿಂಡೋಸ್ ಬರೋಕ್ಕಿಂತ ಮೊದಲಿನ ಕರೇ ಪರದೆನೂ ಕಾಣ್ತದ. ಅಂದ್ರ ಆ ಒಂದ ಗುಂಡಿ ಗುರುಮಠಕಲ್‌ದಿಂದಾನ ಒತ್ತಬಹುದು.

ಇಷ್ಟ ದಿನ ಇದು ಇತ್ತು ಅಂದ್ರ, ಅಂತ ನಾ ಅಂದೆ. ಮುಂದ ಅನ್ನಲಿಲ್ಲ. ಆಕಿ, ನಂಗೂ ಮೊನ್ನೇನ ಗೊತ್ತಾಗ್ಯದ ಅಂದ್ಲು.

ಒಂದ ಗುರುವಾರ ನಾ ರಂಗಂಪ್ಯಾಟಿಗೆ ಹೋದೆ. ಊಟದ ಹೊತ್ತಿನ್ಯಾಗ ಕಾಟಾ ಬಂದ್ ಇರ್ತದ, ಆಗ ಮಾಡಬೇಕಿತ್ತು. ಸರ್ವರ್‌ನ ಮುಂದಿನ ಕಡಿ ಒಂದ ಪ್ಲಾಸ್ಟಿಕ್ ಚೀಟಿ ಜಗ್ಗಿದ್ರ ಹೊರಗ ಬರ್ತದ. ಅದರ ಮ್ಯಾಲ ಕಂಪನಿಯವರು ಅಚ್ಚ ಹಾಕಿದ ಹೆಸರು, ಪಾಸ್‌ವರ್ಡ್ ಇದ್ವು. ಸರ್ವರ್ ಬಂದ್ ಮಾಡಿ ಚಾಲೂ ಮಾಡಿದಾಗ ನಡುವ ಒಂದ ಕೀಲಿ ಒತ್ತಿ ಒಳಗ ಹೋದೆ. ಸಣ್ಣದಕ್ಕ ಒಂದ ಕಾಯಂ ವಿಳಾಸ ಕೊಟ್ಟೆ. ವೈನಿ ಹೆಸರಿಲೆ ಖಾತೆ ತಗದು, ಕಂಪನಿ ಪಾಸ್‌ವರ್ಡ್ ಬದಲಿ ಮಾಡಿದೆ. ವಿಂಡೋಸ್ ಬಂದ ಮ್ಯಾಲೂ ಪರದೆ ಕಾಣಬೇಕಂದ್ರ ಒಂದ ಲೈಸೆನ್ಸ್ ಬೇಕಿತ್ತು, ಅದನ್ನ ಸಾವಕಾರ ತರಿಸಿದ್ದ, ಅದನ್ನೂ ಹಾಕಿದೆ. ಖಾಲಿ ಪಾಯಿಂಟಿಗೆ ವೈರ್ ಎಳದು ರೂಟರ್‌ಗೆ ಕೂಡಿಸಿದೆ. ಹೊರಗಿನ ಮಂದಿ ಹೊಗಬಾರದಂತ ರೂಟರ್‌ನ್ಯಾಗ ಒಂದ ಬೀಗ ಹಾಕಿದ ಒಳದಾರಿ ಮಾಡಿ, ಅದರ ಕೀಲಿ ವೈನಿ ಲ್ಯಾಪ್‌ಟಾಪಿಗೆ ಕೊಟ್ಟೆ. ನಂಗ ಇಂಗ್ಲಿಷ್ ಅಷ್ಟ ಬರಂಗಿಲ್ಲ. ಏನ್ ಕಂಡ್ರೂ ಫೋಟೋ ಹೊಡದು ಕಳಸ್ತಿದ್ದೆ, ಆಕಿ ಹೇಳ್ತಿದ್ಲು, ನಾ ಒತ್ತತಿದ್ದೆ.

ಎಲ್ಲಾ ಆದ ಮ್ಯಾಲ ಆಕಿ, ಕೈ ತಗಿ, ಪರದೆ ನೋಡು ಅಂದ್ಲು. ನಾ ಕೈ ತಗದು ಹಿಂದ ಸರದೆ. ಪರದೆ ಮ್ಯಾಲ ಮೌಸಿನ ಬಾಣ ತಾನ ಸರದಾಡಿತು. ಕಾಟಾದ ಲೆಕ್ಕ ತಗೀತು, ಮುಚ್ಚಿತು. ಸುಮ್ಮ ನೋಡಿದೆ. ಇದನ್ನ ಎರಡ ವರ್ಷದ ಹಿಂದ ಮಾಡಿದ್ರ ಅಂತ ಮತ್ತ ಅನಿಸಿತು.

ಸಾವಕಾರ ತನ್ನ ಕಣ್ಣೀಲೆ ನೋಡಬೇಕಂದ. ದುಡಿಯೋ ದಿನ ಸರ್ವರ್ ಬಂದ್ ಮಾಡಿ ಚಾಲೂ ಮಾಡೋ ಆಟ ಬ್ಯಾಡ, ಸೋಮಾರ ಸೂಟಿ ಇರ್ತದ, ಸೋಮಾರ ಮಾಡಿ ತೋರಸ್ರಿ ಅಂದ. ಸೋಮಾರ ಮುಂಜಾನಿ ನಾ ಯಾದಗಿರ್ ಆಫೀಸಿನ್ಯಾಗ ಸಾವಕಾರರ ಮುಂದ ಕುಂತೆ. ವೈನಿ ಫೋನಿನ್ಯಾಗ ಇದ್ಲು. ರೂಟರ್ ಸಿಗಾಕತ್ತದ, ಸಣ್ಣ ಕಂಪ್ಯೂಟರ್ ಸಿಗವಲ್ದು ಅಂದ್ಲು. ದೊಡ್ಡದೂ ಇಲ್ಲ, ಸಣ್ಣದೂ ಇಲ್ಲ. ಒಂದ ತಾಸು ನೋಡಿದಿವಿ. ಮಶೀನ್ ಬಂದ್ ಇದ್ರೂ ಇದು ಎಚ್ಚರ ಇರ್ತದ ಅಂದಿದ್ರೆಲ್ಲಾ, ಅಂತ ಸಾವಕಾರ ನನ್ನ ನೋಡಿದ.

ಮರದಿನ ಮಂಗಳಾರ ಹೋಗಿ ನೋಡಿದೆ. ಎಲ್ಲಾ ಬರಾಬರ್ ನಡದಿತ್ತು. ನಂದ ತಪ್ಪಿರಬೇಕಂತ ವೈರ್ ಬದಲಿ ಮಾಡಿದೆ, ರೂಟರ್‌ನ್ಯಾಗ ಬ್ಯಾರೆ ಪಾಯಿಂಟಿಗೆ ಹಾಕಿದೆ. ಯಾರಿಗೂ ಏನೂ ಕೇಳಲಿಲ್ಲ. ಕೇಳೋ ಚಟ ನಂಗ ಇಲ್ಲ. ಮುಂದಿನ ಸೋಮಾರ ಮತ್ತ ಹಂಗ ಆಯ್ತು. ಸಾವಕಾರ ಸಿಟ್ಟಿಗೇಳಲಿಲ್ಲ, ಅದ ಕೆಟ್ಟ ಅನಿಸಿತು. ಇನ್ನೊಂದ ಸೋಮಾರ ನೋಡ್ತೀನಿ, ಆಗಲಿಲ್ಲಂದ್ರ ಸುರಪುರದಾಂವಗ ಬರಾಕ ಹೇಳ್ತೀನಿ, ನಿಮ್ಮ ವೈನಿಗಿ ಆರಾಮ್ ಇರಾಕ ಹೇಳು ಅಂದ.

ನಡುವಿನ ವಾರದಾಗ ವೈನಿ ಫೋನ್ ಮಾಡಿದ್ಲು. ಆ ಸಣ್ಣ ಕಂಪ್ಯೂಟರಿನ್ಯಾಗ ಒಂದ ವಹಿ ಇರ್ತದಂತ, ತನಗ ಏನೇನ್ ಆಗ್ಯದ ಎಲ್ಲಾ ತಾನ ಬರಕೊಂಡಿರ್ತದಂತ. ಯಾವಾಗ ಕರೆಂಟ್ ಬಂತು, ಯಾವಾಗ ಚಾಲೂ ಆಯ್ತು, ತಾರೀಖು, ಹೊತ್ತು. ನಾವು ಅದನ್ನ ಮೊನ್ನೆ ಚಾಲೂ ಮಾಡೀವಂದ್ರೂ ಅದು ಮಶೀನ್ ಬಂದಾಗಿಂದ ಬರಕೋತ ಬಂದದ. ಪ್ರತಿ ಮಂಗಳಾರ ಮುಂಜಾನಿ ಎಂಟರ ಸುಮಾರಿಗೆ, ಹೊಸದಾಗಿ ಕರೆಂಟ್ ಬಂತು ಅಂತ ಅದರಾಗ ಅದ ಅಂದ್ಲು. ಒಂದ ಮಂಗಳಾರ ತಪ್ಪಿಲ್ಲ.

"ಇದು ಕರೆಂಟ್ ಹೋಗೋದಲ್ಲ. ಯಾರೋ ಪ್ಲಗ್ ತಗದು ಹಾಕ್ತಾರ," ಅಂದ್ಲು.

ಯಾರವ ಅಂವ, ನೋಡ್ತೀನಿ ಅಂದೆ.

ವೈನಿ ಅಂದ್ಲು: "ಸೋಮಾರ ನೀ ಹೋಗು. ಯಾರರ ಇರಲಿ, ಬೈಬ್ಯಾಡ. ನನ್ನ ಆಣಿ ಅದ."

ಆಣಿ ಯಾಕ ಹಾಕ್ತಾಳ ಅಂತ ನಂಗ ಆಗ ತಿಳೀಲಿಲ್ಲ.

ಸೋಮಾರ ಮುಂಜಾನಿ ಒಂಬತ್ತಕ್ಕ ಮಿಲ್ ಮುಟ್ಟಿದೆ. ಗೇಟ್ ಹಾಕಿತ್ತು. ಒಳಗ ಒಂದ ಸಪ್ಪಳ ಇರಲಿಲ್ಲ. ಮುತ್ಯಾ ಬಂದು ಗೇಟ್ ತಗದ. ಜಳಕ ಮಾಡಿ ಬಿಳೀ ಅಂಗಿ ಹಾಕಿದ್ದ, ಹಣಿ ತುಂಬ ಇಬತ್ತಿ.

"ಏನೋ ತಮ್ಮಾ, ಸೂಟಿ ದಿನ ಬಂದಿ?"

ಸರ್ವರ್ ಕೋಣಿ ತಗಿ ಅಂದೆ. ಕೀಲಿ ಅವನ ಕಡೇನ ಇರ್ತದ, ದಿನಾ ಕಸ ಹೊಡ್ಯಾಂವ ಅಂವ. ತಗದ. ಆ ಕೋಣ್ಯಾಗ ಯಾವಾಗ ಹೋದ್ರೂ ಫ್ಯಾನ್ ಒದರೋ ಸಪ್ಪಳ ಇರ್ತದ. ಅವತ್ತ ಇರಲಿಲ್ಲ. ಸರ್ವರ್‌ನ ಹಿಂದಿನ ಎರಡೂ ಕರೆಂಟ್ ವೈರ್ ತಗದು, ಚಂದಗ ಸುತ್ತಿ, ಗ್ವಾಡಿ ಮೊಳಿಗೆ ಜೋತ ಹಾಕಿದ್ದ. ನೊಗದ ಹಗ್ಗ ಹಾಕಿದಂಗ. ಸರ್ವರ್‌ನ ಮ್ಯಾಲ ಧೂಳ ಒರಸಿ ಮೂರ ಬಟ್ಟ ಇಬತ್ತಿ ಎಳದಿದ್ದ.

ಇದನ್ನ ಯಾರು ತಗದಾರ ಅಂತ ಕೇಳಿದೆ. ನಾನ ತಗದೀನಿ, ಸೋಮಾರ ಅಲ್ಲೇನು ಅಂದ. ಕದ್ದಾಂವನಂಗ ಅನ್ನಲಿಲ್ಲ. ಗೇಟ್ ನಾನ ಹಾಕೀನಿ ಅಂದಂಗ ಅಂದ.

"ಎಷ್ಟ ದಿನದಿಂದ?"

"ಇದು ಬಂದಾಗಿಂದ."

"ಮುತ್ಯಾ, ಇದು ಮಶೀನ್ ಅದ. ಎತ್ತಲ್ಲ."

"ಎತ್ತ ಅಂತ ನಾ ಎಲ್ಲಿ ಅಂದೆ? ದುಡಿತದ ಅಂತೀನಿ." ಅಂವ ಸಮಾಧಾನಲೇ ಹೇಳಿದ. "ಹತ್ತಿ ಮಶೀನ್ ಬಂದ್ ಮಾಡ್ತೀರಿ, ಕಾಟಾ ಬಂದ್ ಮಾಡ್ತೀರಿ, ಕೂಲ್ಯಾಳ ಮನಿಗೆ ಕಳಸ್ತೀರಿ. ಇದೊಂದನ್ನ ಯಾಕ ಹೂಡಿ ಬಿಡ್ತೀರಿ? ಕತ್ತಲ ಕೋಣ್ಯಾಗ ಒಂದ ಒದರಕೋತ ಕುಂದರ್ತದ. ಕೇಳಾಕ ಆಗಂಗಿಲ್ಲ ನಂಗ."

ಅಂವ ಸಣ್ಣಾಂವ ಇದ್ದಾಗ ಈಗಿನ ಸಾವಕಾರರ ಅಪ್ಪನ ಎತ್ತ ನೋಡಕೋತ ಇದ್ದಾಂವ. ಎತ್ತ ಹೋದ್ವು, ಬಂಡಿ ಹೋದ್ವು, ಅವನ್ನ ಗೇಟಿಗೆ ಹಾಕಿದ್ರು. ಸೋಮಾರ ಅವನ ತಲ್ಯಾಗಿಂದ ಹೋಗಿಲ್ಲ.

"ನೀ ಮುದನಾಳದಾಂವ ಅಲ್ಲೇನು?" ಅಂತ ಕೇಳಿದ. "ನಿಮ್ಮ ಮನ್ಯಾಗ ಎತ್ತಿಲ್ಲೇನು?"

ಮಾರೀವಿ, ಈಗ ಟ್ರ್ಯಾಕ್ಟರ್ ಹೇಳ್ತೀವಿ ಅಂದೆ.

"ಸೋಮಾರ ಹೊಡೀತೀರಿ?"

ಹೊಡೀತೀವಿ ಅಂದೆ.

"ಅದಕ್ಕ ನಿಂಗ ತಿಳೀವಲ್ದು," ಅಂದ.

ಆಗ ನಂಗ ಲೆಕ್ಕ ಹತ್ತಿತು. ನಡೆಯೋ ಮಶೀನಿನ ಪ್ಲಗ್ ಹಂಗ ಜಗ್ಗಿದ್ರ ಅದು ಬರಾಬರ್ ಬಂದ್ ಆಗಂಗಿಲ್ಲ. ಮಂಗಳಾರ ಮುಂಜಾನಿ ಅಂವ ವೈರ್ ಕೂಡಿಸಿ ಗುಂಡಿ ಒತ್ತತಾನ. ಒಮ್ಮೊಮ್ಮೆ ಎದ್ದು ಕುಂಡ್ರತದ. ಒಮ್ಮೊಮ್ಮೆ ಕರೇ ಪರದೆ ಮ್ಯಾಲ ನಿಂದರ್ತದ. ಹೋದ ಸಲ ಬರಾಬರ್ ಬಂದ್ ಆಗಿಲ್ಲ ಅಂತ. ವೈನಿ ಬಸ್ ಹತ್ತಿದ ಎಲ್ಲಾ ಮಂಗಳಾರ ಇದರಾಗಿಂದ ಬಂದಾವ. ಆ ಮಂಗಳಾರಾನೂ.

ಬಾಯಿ ತಗದೆ. ಎಲ್ಲಾ ಹೇಳಿಬಿಡ್ಬೇಕು ಅನಿಸಿತು. ಮೊಳಿಗೆ ಹಾಕಿದ ಆ ವೈರ್ ತೋರಿಸಿ, ಇದರಿಂದ ಏನಾಗ್ಯದ ಗೊತ್ತದೇನು ಅಂತ. ಒಂದೂವರಿ ವರ್ಷ ನಂದ ತಪ್ಪು ಅಂತ ಹೊತಗೊಂಡ ತಿರಗೀನಿ. ಅದನ್ನ ಇನ್ನೊಬ್ಬನ ಹೆಗಲ ಮ್ಯಾಲ ಇಡಾಕ ಒಂದ ಮಾತ ಸಾಕಿತ್ತು.

ಅಷ್ಟರಾಗ ಅಂವಾನ ಕೇಳಿದ. "ಆ ತಂಗಿ ಈಗ ಬರವಲ್ಲಳಲ್ಲಾ. ಅವತ್ತ ನಿನ್ನ ಗಾಡಿ ಮ್ಯಾಲ ಬಂದಿದ್ಲು ನೋಡು, ನೀರ ಕೊಟ್ಟಿದ್ದೆ. ಆಮ್ಯಾಲ ಬಂದಾಗೆಲ್ಲಾ ಕೇಳ್ಬೇಕಂತಿದ್ದೆ, ಹೊಟ್ಟಿ ಕಾಣಲಿಲ್ಲ, ಕೇಳಾಕ ಬಾಯಿ ಬರಲಿಲ್ಲ. ಏನಾಯ್ತೋ ಕೂಸು?"

ನಾ ಅವನ ಮಾರಿ ನೋಡಲಿಲ್ಲ. ಸರ್ವರ್ ಮ್ಯಾಲಿನ ಇಬತ್ತಿ ನೋಡಿದೆ.

"ಉಳೀಲಿಲ್ಲ," ಅಂದೆ. "ಈಗ ಮತ್ತ ಬಸುರಿ ಅದಾಳ. ಗುರುಮಠಕಲ್‌ದಾಗ ಅದಾಳ. ಹಾದಿ ನಡೀಬಾರದಂತ ಹೇಳ್ಯಾರ."

ಅಂವ ಹೆಗಲ ಮ್ಯಾಲಿನ ಟವೆಲ್ ತಗದು ಮತ್ತ ಹೆಗಲಿಗೇ ಹಾಕೊಂಡ. ಆಮ್ಯಾಲ, ನಾ ಏನರ ಮಾಡಬೇಕೇನು ಅಂತ ಕೇಳಿದ.

ನಾ ವೈನಿಗಿ ಫೋನ್ ಹಚ್ಚಿದೆ. ಮುತ್ಯಾ ಸೋಮಾರಕ್ಕೊಮ್ಮೆ ಪ್ಲಗ್ ತಗೀತಾನ, ಮಶೀನಿಗೆ ಸೂಟಿ ಕೊಡಾಕ, ಅಂತ ಅಷ್ಟ ಹೇಳಿದೆ. ಆಕಿ ಆಶ್ಚರ್ಯ ಪಡಲಿಲ್ಲ. ಮುತ್ಯಾಗ ಕೇಳಂಗ ಜೋರ್ ಇಡು ಅಂದ್ಲು. ನಾ ಫೋನ್ ಸರ್ವರ್ ಮ್ಯಾಲ ಇಟ್ಟೆ. ಅಂವ ಅದರ ಮುಂದ ಕೈ ಕಟ್ಟಿ ನಿಂತ.

ವೈನಿ ಅವನ ಆರಾಮ್ ಕೇಳಿದ್ಲು, ಅಂವ ಆಕಿ ಆರಾಮ್ ಕೇಳಿದ. ಆಮ್ಯಾಲ ಆಕಿ ಹೇಳಿದ್ಲು: "ಮುತ್ಯಾ, ಸೋಮಾರ ಸೂಟಿ ಇರಲಿ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಇಲ್ಲಿಂದ ನಾನ ಅದರ ನೊಗ ಬಿಡಿಸ್ತೀನಿ. ಆಯಿತಾರ ಸಂಜಿಗೆ ಕಾಟಾ ಮುಗದ ಮ್ಯಾಲ ಸಾವಕಾಶ ಬಂದ್ ಮಾಡ್ತೀನಿ, ಮಂಗಳಾರ ಮುಂಜಾನಿ ಎಬ್ಬಸ್ತೀನಿ. ನೀವು ಆ ವೈರ್ ಅಷ್ಟ ತಗೀಬ್ಯಾಡ್ರಿ. ಅದು ಹೋದ್ರ ನನ್ನ ಕೈ ಅಲ್ಲಿಗೆ ಮುಟ್ಟಂಗಿಲ್ಲ. ಕೈ ಮುಟ್ಟಲಿಲ್ಲಂದ್ರ ನಾನ ಬರಬೇಕಾಗ್ತದ."

"ಬರಬ್ಯಾಡವ್ವಾ," ಅಂದ. ಜಲ್ದಿ ಅಂದ. ಆಮ್ಯಾಲ ಒಂದ ಮಾತ ಕೇಳಿದ. ವೈರಿನ್ಯಾಗ ಕರೆಂಟ್ ಇದ್ರ ಅದಕ್ಕ ಸೂಟಿ ಹ್ಯಾಂಗ ಆಗ್ತದ?

ದೊಡ್ಡದು ಪೂರಾ ಮಲಗತದ, ಫ್ಯಾನೂ ನಿಂದರ್ತದ, ಒಳಗ ಒಂದ ಸಣ್ಣದು ಅಷ್ಟ ಎಚ್ಚರ ಇರ್ತದ, ನಾ ಕರದಾಗ ಓ ಅನ್ನಾಕ, ಅಂದ್ಲು ವೈನಿ.

"ಅದು ದುಡಿಯಂಗಿಲ್ಲಾ?"

"ದುಡಿಯಂಗಿಲ್ಲ. ಬರೇ ಕಾವಲಿ."

"ಹಂಗಾರ ನನ್ನಂಗ," ಅಂದ ಮುತ್ಯಾ. ನಗಲಿಲ್ಲ. ಮೊಳಿಯಿಂದ ಎರಡೂ ವೈರ್ ತಗದು, ಸುತ್ತು ಬಿಚ್ಚಿ, ಒಂದೊಂದ ಆಗಿ ಹಿಂದ ಕೂಡಿಸಿದ. ನಾ ಕೂಡಸ್ತೀನಿ ಅಂದ್ರ ಕೊಡಲಿಲ್ಲ.

ಮುಂದಿನ ಗುಂಡಿಯಾಗ ಕೇಸರಿ ದೀಪ ಹತ್ತಿತು. ಅಂದ್ರ ದೊಡ್ಡದು ಬಂದ್ ಅದ, ಸಣ್ಣದು ಎದ್ದದ. ನಾ ಕಪಾಟಿನ್ಯಾಗಿನ ಪರದೆ ತಗದು ಕೂಡಿಸಿದೆ, ಎರಡ ನಿಮಿಷ ಕಾದಿವಿ. ಫೋನಿನ್ಯಾಗ ವೈನಿ, ಸಿಕ್ಕಿತು ಅಂದ್ಲು. ಆಮ್ಯಾಲ, ಯಾರೂ ಕೈ ಹಚ್ಚಬ್ಯಾಡ್ರಿ ಅಂದ್ಲು. ನಾವಿಬ್ಬರೂ ಹಿಂದ ಸರದು ನಿಂತಿವಿ. ಕೇಸರಿ ದೀಪ ಹಸರ ಆಯ್ತು. ಫ್ಯಾನ್ ಒದರಿತು. ಕರೇ ಪರದೆ ಮ್ಯಾಲ ಬಿಳಿ ಅಕ್ಷರ ಬಂದು ನಿಂತ್ವು, ಗುಂಡಿ ಒತ್ತು ಅಂತ. ಅದ ಮಾತು. ಒಂದ ಗಳಿಗಿ ಹಂಗ ನಿಂತಿತ್ತು. ಆಮ್ಯಾಲ ತಾನ ಮುಂದ ಸರೀತು. ಗುರುಮಠಕಲ್‌ದಾಗ ಆಕಿ ಒತ್ತಿದ್ಲು.

ಮುತ್ಯಾ ಪರದೆಗೆ ಕೈ ಮುಗದ. ನಾ ಬ್ಯಾಡ ಅನ್ನಲಿಲ್ಲ.

ಅಲ್ಲಿಂದಾನ ಸಾವಕಾರಗ ಫೋನ್ ಮಾಡಿದೆ. ಅಂವ ಆಫೀಸಿನ್ಯಾಗ ಕುಂತು ವೈನಿ ಕಡಿಂದ ಎರಡ ಸಲ ಬಂದ್ ಮಾಡಿಸಿದ, ಎರಡ ಸಲ ಚಾಲೂ ಮಾಡಿಸಿದ. ಆಯ್ತು, ನೌಕರಿ ಆಕಿದು ಆಕಿಗಿ ಅಂದ. ಎರಡ ಸೋಮಾರ ಯಾಕ ಆಗಲಿಲ್ಲ ಅಂತ ಕೇಳಿದ. ಮುತ್ಯಾ ಬಾಜೂಕ ನಿಂತಿದ್ದ.

ನನ್ನ ತಪ್ಪು ಅಂದೆ. ಪ್ಲಗ್ ಸಡಲ ಕೂಡಿಸಿದ್ದೆ ಅಂದೆ. ನಂಗ ಸುಳ್ಳ ಹೇಳಾಕ ಬರಂಗಿಲ್ಲ, ಇದು ಹ್ಯಾಂಗ ಬಂತೋ. ಸಾವಕಾರ, ಹತ್ತನೇತ್ತಿ ಪಾಸಾಗದಾಂವನ ಕೈಯಾಗ ಕೊಟ್ರ ಇಷ್ಟ ಅಂದ. ಹೌದ್ರಿ ಅಂದೆ. ಮುತ್ಯಾ ನನ್ನ ನೋಡಿದ. ಹೋಗುವಾಗ ಗೇಟಿನ ತನಕ ಬಂದು, ಸಣ್ಣಗ ಹೊಡಿ ಅಂದ. ಅದನ್ನೊಂದ ಅಂವ ಅನ್ನಬಾರದಿತ್ತು.

ಆ ವಾರ ಗುರುಮಠಕಲ್‌ಗೆ ಹೋದೆ. ವೈನಿ ಮಂಚದ ಮ್ಯಾಲ ಕಾಲ ಚಾಚಿ ಕುಂತಿದ್ಲು, ಲ್ಯಾಪ್‌ಟಾಪ್ ಬಾಜೂಕ ಇತ್ತು. ಆಕಿ ಅವ್ವ ತೆಲುಗಿನ್ಯಾಗ ಏನೋ ಗೊಣಗಿಕೋತ ನಂಗ ಚಾ ಕೊಟ್ಟು ಒಳಗ ಹೋದ್ಲು. ನಾ ಸಿದಾ ಕೇಳಿದೆ. ಮುತ್ಯಾನ ಅಂತ ನಿಮಗ ಮೊದಲಾ ಗೊತ್ತಿತ್ತೇನು? ಸೂಟಿ ದಿನ ಆ ಕೋಣಿ ಕೀಲಿ ಬ್ಯಾರೆ ಯಾರ ಕಡಿ ಇರ್ತದ ಅಂದ್ಲು.

ಆಕಿ ಲ್ಯಾಪ್‌ಟಾಪ್ ನನ್ನ ಕಡಿ ತಿರುಗಿಸಿದ್ಲು. ಆ ಸಣ್ಣ ಕಂಪ್ಯೂಟರಿನ ವಹಿ. ತಾರೀಖು, ಹೊತ್ತು, ಒಂದರ ಕೆಳಗ ಒಂದು. ಕೆಳಗ ಸರಸಕೋತ ಹೋಗಿ ಒಂದ ಸಾಲಿನ ಮ್ಯಾಲ ನಿಂದ್ರಿಸಿದ್ಲು. ಓದಿ ಹೇಳಬೇಕಾಗಿರಲಿಲ್ಲ. ಆ ತಾರೀಖು ನಂಗೂ ಬಾಯಿಪಾಠ. ಮುಂಜಾನಿ ಎಂಟಕ್ಕ ಕರೆಂಟ್ ಬಂತು. ನಾವು ಮನಿ ಬಿಟ್ಟಿದ್ದು ಒಂಬತ್ತಕ್ಕ.

ಮುತ್ಯಾಗ ಹೇಳಿಲ್ಲಲ್ಲಾ ಅಂತ ಕೇಳಿದ್ಲು. ಇಲ್ಲ ಅಂದೆ.

"ಹೇಳಬ್ಯಾಡ. ಅವತ್ತ ಕಂಬಳಿ ಹಾಸಿದಾಂವ ಅಂವ ಒಬ್ಬಾನ." ಮತ್ತ ಅಂದ್ಲು, "ಡಾಕ್ಟರಮ್ಮ ಹೇಳಿದ್ದು ನಾ ನಂಬೀನಿ. ನೀನೂ ನಂಬು."

ಹೂಂ ಅಂದೆ. ಪೂರಾ ನಂಬೀನಿ ಅಂತ ಈಗೂ ಹೇಳಾಕ ಬರಂಗಿಲ್ಲ. ಆ ವಹಿ ಅಳಸಾಕ ಒಂದ ಗುಂಡಿ ಅದ, ಅಳಿಸಿಬಿಡ್ರಿ ಅಂದೆ. ಬ್ಯಾಡ, ಹೊಸಾ ಸಾಲ ಬಂದಂಗ ಹಳೇವು ತಾವ ಹೋಗ್ತಾವ, ತಾನ ಹೋಗಲಿ ಅಂದ್ಲು.

ಆ ಮ್ಯಾಲ ಒಂದ ಮಂಗಳಾರಾನೂ ಫೋನ್ ಬಂದಿಲ್ಲ. ಆಯಿತಾರ ಸಂಜಿಗೆ ಆಕಿ ಬಿಡಸ್ತಿದ್ಲು, ಮಂಗಳಾರ ಎಬ್ಬಸ್ತಿದ್ಲು. ಮುತ್ಯಾ ಸೋಮಾರ ಹೋಗಿ ಧೂಳ ಒರಸಿ ಇಬತ್ತಿ ಹಚ್ಚಿ, ದೀಪ ಕೇಸರಿ ಅದ ಅಂತ ನೋಡಿ ಬರ್ತಿದ್ದ.

ದಿನ ತುಂಬಿದ ಮ್ಯಾಲ ಒಂದ ಸೋಮಾರ ನನ್ನ ಫೋನಿಗೆ 'ಮುತ್ಯಾ' ಅಂತ ಬಂತು. ಅಂವ ತಾನಾಗಿ ಫೋನ್ ಮಾಡೋ ಮನಶಾ ಅಲ್ಲ. ನಾ ಗುರುಮಠಕಲ್ ದವಾಖಾನಿ ಕಟ್ಟಿ ಮ್ಯಾಲ ಕುಂತಿದ್ದೆ. ಅಣ್ಣ ಒಳಗ ಇದ್ದ.

"ತಮ್ಮಾ, ಇವತ್ತ ಬಿಡಿಸಿಲ್ಲ. ದೀಪ ಹಸರ ಅದ, ಒದರಾಕತ್ತದ. ನಾ ವೈರಿಗೆ ಕೈ ಹಚ್ಚಿಲ್ಲ. ಮುಂಜಾನಿಂದ ಕಾಯಾಕತ್ತೀನಿ. ಆ ತಂಗಿಗಿ ಏನರ..." ಅಂದು ನಿಂದ್ರಿಸಿದ.

ನಿನ್ನೆ ಸಂಜಿಂದ ಬ್ಯಾನಿ ಚಾಲೂ ಆಗಿತ್ತು, ಯಾರಿಗೂ ಸರ್ವರ್ ನೆನಪಿಲ್ಲ ಅಂತ ಹೇಳಿದೆ. ಈಗ ಒಂದ ತಾಸಾಯ್ತು ಮುತ್ಯಾ, ಹೆಣ್ಣು ಅಂದೆ.

"ಅವ್ವ ಮಗಳು ಇಬ್ಬರೂ ಆರಾಮ್ ಅದಾರ?"

"ಅದಾರ."

ಅಂವ ಉಸರ ಬಿಟ್ಟಿದ್ದು ಕೇಳಿಸಿತು. ಅದರ ಹಿಂದ ಸರ್ವರ್‌ನ ಫ್ಯಾನೂ ಕೇಳಿಸಿತು. ಆ ಕೋಣ್ಯಾಗಾನ ನಿಂತು ಮಾತಾಡಾಕತ್ತಿದ್ದ.

"ಹಂಗಾರ ಆಕಿಗಿ ಹೇಳಬ್ಯಾಡ," ಅಂದ. "ಇವತ್ತೊಂದಿನ ಅದು ದುಡೀಲಿ."